ಬೇಸಿಗೆಯ ಬೇಗೆಯೂ ಊರಿನ ಎಚ್ಚರವೂ

ಪ್ರತಿಯೊಂದು ಸೀಮೆಗೂ ತನ್ನದೆಂದು ಹೇಳಿಕೊಳ್ಳುವ ಒಂದು ಋತುವುಂಟು. ಮಲೆನಾಡಿಗೆ ಮಳೆಗಾಲವು ಹೇಗೋ ಹಾಗೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಗೆ ಬೇಸಿಗೆ. ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ಎರೆಹೊಲಗಳು ಬಾಯ್ದೆರೆದಿರುತ್ತವೆ; ಜೋಳ, ಕಡಲೆ, ಕುಸುಬಿಗಳ ಸುಗ್ಗಿ ಮುಗಿದು ಭೂಮಿ ಬರಿದಾಗಿರುತ್ತದೆ; ಕಪ್ಪತಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. ಹಗಲು ಹನ್ನೊಂದು ಗಂಟೆಯ ಮೇಲೆ ಹಾದಿಗಳು ನಿರ್ಜನವಾಗುತ್ತವೆ. ಇದು ಹೊಸದಲ್ಲ. ತಲೆಮಾರುಗಳಿಂದ ಈ ಜನ ಬಿಸಿಲಿನೊಡನೆ ಬಾಳಿದ್ದಾರೆ. ಬಿಸಿಲಿಗೆ ಅಂಜದವರೆಂದು ಹೆಸರು ಪಡೆದಿದ್ದಾರೆ. ಆದರೆ ಬಹುಕಾಲದ ಪರಿಚಯವು ಒಮ್ಮೊಮ್ಮೆ ಅಪಾಯವನ್ನು ಮರೆಮಾಡುತ್ತದೆ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ಬೆದರುವುದು ಲೋಕದಲ್ಲಿ ಸಾಮಾನ್ಯ. ಹಾವನ್ನೇ ಹಗ್ಗವೆಂದು ತಿಳಿದು ಸುಮ್ಮನಿರುವುದು ಅದಕ್ಕಿಂತ ಕೆಡುಕು. ಬೇಸಿಗೆಯ ವಿಷಯದಲ್ಲಿ ಇಂದು ಆಗುತ್ತಿರುವುದು ಈ ಎರಡನೆಯದು.

ಹಿಂದಿನವರು ಬಿಸಿಲಿಗೆ ಅಂಜಲಿಲ್ಲವೆಂಬುದು ಪೂರ್ಣ ಸತ್ಯವಲ್ಲ. ಅವರು ಬಿಸಿಲನ್ನು ಬಲ್ಲವರಾಗಿದ್ದರು. ಕೋಳಿ ಕೂಗುವಾಗ ಎತ್ತು ಹೂಡಿ, ಹೊತ್ತು ನೆತ್ತಿಗೇರುವ ಮೊದಲೇ ಕೊಳ್ಳಹರಿಯುತ್ತಿದ್ದರು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಧ್ಯಾಹ್ನವನ್ನು ಕಳೆಯುತ್ತಿದ್ದರು. ಹರವಿಯ ನೀರು, ಮಜ್ಜಿಗೆ, ಜೋಳದ ಅಂಬಲಿಗಳು ಅವರ ಔಷಧಿಗಳಾಗಿದ್ದವು. ದಾರಿಯುದ್ದಕ್ಕೂ ಸಾಲುಮರ, ಊರ ಅಗಸಿಯಲ್ಲಿ ಅರವಟ್ಟಿಗೆ. ಈ ವ್ಯವಸ್ಥೆಯೆಲ್ಲವೂ ಒಂದು ಅಲಿಖಿತ ಎಚ್ಚರಿಕೆಯೇ ಆಗಿತ್ತು. ಇಂದು ಮಾಳಿಗೆಯ ಸ್ಥಾನದಲ್ಲಿ ತಗಡು ಬಂದಿದೆ, ಸಿಮೆಂಟಿನ ಚಪ್ಪಡಿ ಬಂದಿದೆ. ಅವು ಹಗಲೆಲ್ಲ ಬಿಸಿಲನ್ನುಂಡು ರಾತ್ರಿಯೆಲ್ಲ ಕಾರುತ್ತವೆ. ರಸ್ತೆಗಳನ್ನು ಅಗಲಗೊಳಿಸುವಾಗ ಸಾಲುಮರಗಳು ಹೋದವು. ಕೂಲಿಯ ಹೊತ್ತು ಸೂರ್ಯನನ್ನು ನೋಡಿ ನಿಶ್ಚಯವಾಗುವುದರ ಬದಲು ಗುತ್ತಿಗೆದಾರನ ಗಡಿಯಾರವನ್ನು ನೋಡಿ ನಿಶ್ಚಯವಾಗುತ್ತಿದೆ. ಬಿಸಿಲು ಏರಿತು, ಬಿಸಿಲಿನ ವಿರುದ್ಧ ಹಿರಿಯರು ಕಟ್ಟಿದ್ದ ಕೋಟೆ ಕುಸಿಯಿತು. ಅಪಾಯವು ಇಮ್ಮಡಿಯಾದುದು ಹೀಗೆ.

ಈ ಅಪಾಯ ಎಲ್ಲರಿಗೂ ಸಮನಾದುದಲ್ಲವೆಂಬುದನ್ನು ಮೊದಲು ಗಮನಿಸಬೇಕು. ಗಾಳಿಯಂತ್ರದ ಕೆಳಗೆ ಕುಳಿತವನಿಗೆ ಬೇಸಿಗೆ ಎಂದರೆ ಒಂದು ಕಿರಿಕಿರಿ. ತುಂಗಭದ್ರೆಯ ದಂಡೆಯ ನೀರಾವರಿ ಹೊಲಗಳಲ್ಲಿ ಬಗ್ಗಿ ಶೇಂಗಾ ಕೀಳುವ ಹೆಣ್ಣುಮಗಳಿಗೆ, ಕೆರೆಯ ಹೂಳೆತ್ತುವ ಕೂಲಿಕಾರನಿಗೆ, ನೆರಳಿಲ್ಲದ ಮಡ್ಡಿಯಲ್ಲಿ ಕುರಿಯ ಹಿಂಡಿನ ಹಿಂದೆ ನಡೆಯುವ ಕುರಿಗಾರನಿಗೆ ಅದು ಪ್ರಾಣದ ಪ್ರಶ್ನೆ. ಬೆಟಗೇರಿಯ ನೇಕಾರನು ಬಿಸಿಲಲ್ಲಿ ನಿಲ್ಲುವವನಲ್ಲ. ಆದರೆ ತಗಡಿನ ಕೆಳಗೆ ಮಗ್ಗದ ಮುಂದೆ ದಿನವಿಡೀ ಕುಳಿತವನ ಸೆಕೆ ಹೊಲದ ಬಿಸಿಲಿಗಿಂತ ಕಡಿಮೆಯದಲ್ಲ. ಮಕ್ಕಳು ದೂರದ ಪಟ್ಟಣಗಳಿಗೆ ಹೋದ ಮೇಲೆ ಒಂಟಿಯಾಗಿ ಉಳಿದ ವೃದ್ಧರು, ಬಸುರಿಯರು, ಬಾಣಂತಿಯರು, ಹಸುಗೂಸುಗಳು, ಸಕ್ಕರೆ ಕಾಯಿಲೆ ಹಾಗೂ ರಕ್ತದೊತ್ತಡಗಳಿಂದ ಬಳಲುವವರು — ಇವರೆಲ್ಲರೂ ಬೇಸಿಗೆಗೆ ಮೊದಲು ಬಲಿಯಾಗುವವರು. ಇವರಲ್ಲಿ ಹೆಚ್ಚಿನವರು ಪತ್ರಿಕೆ ಓದುವವರಲ್ಲ, ಸಂಚಾರಿ ದೂರವಾಣಿಯ ಸಂದೇಶಗಳನ್ನು ತೆರೆದು ನೋಡುವವರೂ ಅಲ್ಲ.

ಮನುಷ್ಯನ ಶರೀರವು ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಾಯ್ದುಕೊಳ್ಳುವಂತೆ ರಚಿತವಾಗಿದೆ. ಹೊರಗಿನ ಗಾಳಿಯು ಅದಕ್ಕಿಂತ ಬಿಸಿಯಾದಾಗ ಬೆವರು ಆರುವುದೊಂದೇ ಶರೀರಕ್ಕೆ ತಂಪಿನ ದಾರಿ. ಬೆವರಿಗೆ ನೀರು ಬೇಕು, ಉಪ್ಪು ಬೇಕು; ಹೃದಯವು ರಕ್ತವನ್ನು ಚರ್ಮದ ಕಡೆಗೆ ಹೆಚ್ಚು ಹೆಚ್ಚಾಗಿ ತಳ್ಳಬೇಕು. ನೀರು ತೀರಿದಾಗ, ಹೃದಯ ಸೋತಾಗ, ಇಲ್ಲವೆ ಗಾಳಿಯಲ್ಲಿ ತೇವ ಹೆಚ್ಚಾಗಿ ಬೆವರು ಆರದಿದ್ದಾಗ ಒಳಗಿನ ಉಷ್ಣತೆ ಏರತೊಡಗುತ್ತದೆ. ಅದು 40 ಡಿಗ್ರಿಯನ್ನು ದಾಟಿದರೆ ಮೆದುಳಿಗೂ ಮೂತ್ರಪಿಂಡಗಳಿಗೂ ಪೆಟ್ಟು ಬೀಳುತ್ತದೆ. ಮಾತು ತೊದಲುವುದು, ಹೊಂದಿಕೆಯಿಲ್ಲದ ಮಾತು, ನಡಿಗೆ ತಪ್ಪುವುದು, ಮೈ ಕೆಂಡದಂತಾಗುವುದು, ಕೊನೆಗೆ ಪ್ರಜ್ಞೆ ತಪ್ಪುವುದು — ಇವು ಬಿಸಿಲಾಘಾತದ ಲಕ್ಷಣಗಳು. ಇಂಥವನನ್ನು ಕಂಡಾಗ ಕುಡಿದಿದ್ದಾನೆಂದು ನಕ್ಕು ಮುಂದೆ ಹೋಗುವವರುಂಟು. ಗಾಳಿ ಸೋಕಿತೆಂದು ತಾಯತ ಹುಡುಕುವವರೂ ಉಂಟು. ಎರಡೂ ಅಜ್ಞಾನವೇ, ಎರಡರ ಫಲವೂ ಒಂದೇ.

ಮಾಡಬೇಕಾದುದು ಕಷ್ಟದ್ದೇನಲ್ಲ. ರೋಗಿಯನ್ನು ಕೂಡಲೇ ನೆರಳಿಗೆ ಒಯ್ಯಬೇಕು. ಉಡುಪು ಸಡಿಲಿಸಿ ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕಬೇಕು. ಕುತ್ತಿಗೆ, ಕಂಕುಳ, ತೊಡೆಸಂದುಗಳಲ್ಲಿ ತಣ್ಣೀರಿನ ಬಟ್ಟೆ ಇಡಬೇಕು. 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಲಾಗದು, ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾದೀತು. ಎಚ್ಚರವಿದ್ದು ಬಳಲಿದವರಿಗೆ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕೊಟ್ಟರೆ ಸಾಕಷ್ಟು ಚೇತರಿಕೆ ಉಂಟಾಗುತ್ತದೆ. ಆಸ್ಪತ್ರೆ ಸೇರುವವರೆಗಿನ ಈ ಅರ್ಧ ಗಂಟೆಯಲ್ಲಿ ನೆರೆಯವರು ಮಾಡುವ ಉಪಚಾರವೇ ಸಾವು ಬದುಕುಗಳನ್ನು ನಿರ್ಣಯಿಸುತ್ತದೆ. ಹೀಗಿದ್ದೂ ಈ ನಾಲ್ಕು ಮಾತುಗಳು ಎಷ್ಟು ಮನೆಗಳಿಗೆ ತಿಳಿದಿವೆ?

ಬಿಸಿಲಿನ ಸಾವು ಲೆಕ್ಕಕ್ಕೆ ಸಿಕ್ಕದ ಸಾವು. ಹೊಲದಿಂದ ಬಂದು ಮಲಗಿದ ಮುದುಕ ಮರುದಿನ ಏಳಲಿಲ್ಲವೆಂದರೆ ವಯಸ್ಸಾಗಿತ್ತು, ಎದೆ ನಿಂತಿತು ಎನ್ನುತ್ತಾರೆ. ವೈದ್ಯರು ನೋಡಿರುವುದಿಲ್ಲ, ಪ್ರಮಾಣಪತ್ರದಲ್ಲಿ ಬಿಸಿಲೆಂದು ಬರೆದಿರುವುದಿಲ್ಲ. ನೆರೆಯಲ್ಲಿ ಕೊಚ್ಚಿಹೋದವನಿಗೆ ಹೆಸರುಂಟು, ಪರಿಹಾರವುಂಟು. ಬಿಸಿಲಿನಲ್ಲಿ ಬೆಂದವನಿಗೆ ಎರಡೂ ದುರ್ಲಭ. ನೆರೆಯ ತೆಲಂಗಾಣ ಸರಕಾರವು 2025ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಕೋಪವೆಂದು ಸಾರಿ ಮೃತರ ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಮಾಡಿದ್ದು ಈ ದಿಸೆಯಲ್ಲಿ ಗಮನಾರ್ಹವಾದ ಹೆಜ್ಜೆ. ಪರಿಹಾರದ ಹಣಕ್ಕಿಂತ ದೊಡ್ಡದು ಅದರ ಹಿಂದಿನ ಒಪ್ಪಿಗೆ: ಬಿಸಿಲು ಕೊಲ್ಲುತ್ತದೆ, ಆದುದರಿಂದ ಅದನ್ನು ತಡೆಯುವುದೂ ಕರ್ತವ್ಯವಾಗುತ್ತದೆ ಎಂಬ ಒಪ್ಪಿಗೆ.

ಹಾಗಾದರೆ ಎಚ್ಚರಿಕೆ ಕೊಡುವವರಿಲ್ಲವೆ? ಇದ್ದಾರೆ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯು ಜಿಲ್ಲೆಜಿಲ್ಲೆಗೂ ಮುನ್ಸೂಚನೆ ಕೊಡುತ್ತದೆ. ಅಪಾಯದ ಮಟ್ಟವನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ತೋರಿಸುತ್ತದೆ. 1988ರಲ್ಲಿ ಬರಗಾಲದ ನಿಗಾ ಘಟಕವಾಗಿ ಹುಟ್ಟಿ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಬೆಳೆದಿರುವ ಸಂಸ್ಥೆಯು ಗ್ರಾಮ ಪಂಚಾಯತಿಯ ಮಟ್ಟದಲ್ಲಿಯೂ ಮಳೆಮಾಪಕಗಳನ್ನಿರಿಸಿದೆ; ಅದರ ವರುಣಮಿತ್ರ ಸಹಾಯವಾಣಿ ರೈತರಿಗೆ ಚಿರಪರಿಚಿತ. 2005ರ ವಿಕೋಪ ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವುಂಟು. ಹೀಗೆ ಮೇಲಿನಿಂದ ಹರಿದುಬರುವ ಎಚ್ಚರಿಕೆಯ ಕಾಲುವೆಗೆ ಕೊರತೆಯಿಲ್ಲ. ಕೊರತೆಯಿರುವುದು ಕಾಲುವೆಯ ಕೊನೆಯಲ್ಲಿ. ನೀರಾವರಿಯ ಸೀಮೆಯವರೆಲ್ಲರೂ ಬಲ್ಲ ಮಾತಿದು: ಕಾಲುವೆ ಎಷ್ಟೇ ದೊಡ್ಡದಿದ್ದರೂ ಕೊನೆಯ ಹೊಲಕ್ಕೆ ನೀರು ಮುಟ್ಟಬೇಕಲ್ಲ.

ಇದಕ್ಕೆ ಮೊದಲ ಕಾರಣ ಎಚ್ಚರಿಕೆಯ ಅಳತೆಗೋಲು. ಬಯಲುಸೀಮೆಯಲ್ಲಿ ಬಿಸಿಗಾಳಿಯೆಂದು ಸಾರಬೇಕಾದರೆ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೆ ನೇರವಾಗಿ 45 ಡಿಗ್ರಿಯನ್ನು ಮುಟ್ಟಿರಬೇಕು. ಅದೂ ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ, ಎರಡು ದಿನ ಸತತವಾಗಿ ಕಂಡುಬಂದಿರಬೇಕು. ಗದಗ ಜಿಲ್ಲೆ ಸೇರಿರುವುದು ಉತ್ತರ ಒಳನಾಡು ಎಂಬ ವಿಶಾಲವಾದ ಉಪವಿಭಾಗಕ್ಕೆ. ಒಂದು ಊರಿನ ವಾಡಿಕೆಯ ಉಷ್ಣತೆ 38 ಡಿಗ್ರಿ ಎಂದಿಟ್ಟುಕೊಂಡರೆ, ಅಲ್ಲಿ 42 ಡಿಗ್ರಿ ಕಾದರೂ ಈ ವ್ಯಾಖ್ಯೆಯ ಪ್ರಕಾರ ಬಿಸಿಗಾಳಿಯಲ್ಲ. ಇದು ಇಲಾಖೆಯ ತಪ್ಪೆನ್ನಲಾಗದು. ದೇಶಕ್ಕೆಲ್ಲ ಒಂದು ಮಾನದಂಡ ಬೇಕೇ ಬೇಕು. ಆದರೆ ಬಿಸಿಗಾಳಿಯೆಂದು ಸಾರಿಲ್ಲವಾದ್ದರಿಂದ ಅಪಾಯವಿಲ್ಲವೆಂದು ತಿಳಿಯುವುದು ತಪ್ಪು.

ಇನ್ನೊಂದು ಸೂಕ್ಷ್ಮವೂ ಉಂಟು. ಬಾನುಲಿಯಲ್ಲಿ ಕೇಳುವ, ಪತ್ರಿಕೆಯಲ್ಲಿ ಓದುವ ಉಷ್ಣತೆ ನೆರಳಿನ ಉಷ್ಣತೆ. ಬಿಳಿಯ ಬಣ್ಣ ಬಳಿದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆಲದಿಂದ ಆಳಿನೆದೆಯ ಎತ್ತರದಲ್ಲಿ ತೂಗಿದ ಉಷ್ಣಮಾಪಕವು ಹೇಳುವ ಅಂಕೆ ಅದು. ಕರಿಯ ಎರೆಭೂಮಿಯ ಮೇಲೆ ಬಗ್ಗಿ ನಿಂತವನ ಮೈಗೆ ತಟ್ಟುವ ಕಾವು ಅದಲ್ಲ. ತಗಡಿನ ಕೆಳಗಿನ ಕೋಣೆಯ ಕಾವೂ ಅದಲ್ಲ. ಎಂದ ಮೇಲೆ 41 ಎಂಬ ಅಂಕೆಯನ್ನು ಕೇಳಿದಾಗ ಅದನ್ನು ಊರಿನ ಕಣ್ಣಿನಿಂದ ಓದಬಲ್ಲವರು, ಓದಿ ಬಿಡಿಸಿ ಹೇಳಬಲ್ಲವರು ಊರೊಳಗೇ ಇರಬೇಕಾಗುತ್ತದೆ.

ಎಚ್ಚರಿಕೆಯ ಸಾಗಾಣಿಕೆಯಲ್ಲಿ ಈಚಿನ ವರ್ಷಗಳಲ್ಲಿ ಆದ ಸುಧಾರಣೆ ಸಣ್ಣದಲ್ಲ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಅಸಂಖ್ಯ ಸಂಚಾರಿ ದೂರವಾಣಿಗಳು ಹಠಾತ್ತಾಗಿ ವಿಚಿತ್ರವಾದ ದನಿಯಲ್ಲಿ ಕೂಗಿದ್ದನ್ನು ಅನೇಕರು ಮರೆತಿರಲಾರರು. ಅದು ದೂರಸಂಪರ್ಕ ಇಲಾಖೆ ನಡೆಸಿದ ತುರ್ತು ಸಂದೇಶದ ಪರೀಕ್ಷೆ. ಈ ಪದ್ಧತಿಯಲ್ಲಿ ಯಾರ ಸಂಖ್ಯೆಯೂ ಬೇಕಾಗಿಲ್ಲ; ಒಂದು ಪ್ರದೇಶದ ಗೋಪುರಗಳಿಂದ ಹೊರಟ ಸಂದೇಶ ಆ ಗೋಪುರಗಳ ವ್ಯಾಪ್ತಿಯಲ್ಲಿರುವ ಎಲ್ಲ ಯಂತ್ರಗಳನ್ನೂ ಏಕಕಾಲಕ್ಕೆ ಮುಟ್ಟುತ್ತದೆ. ಮುಂಡರಗಿಗೆ ಬೇಕಾದುದನ್ನು ಮುಂಡರಗಿಗಷ್ಟೇ ಕಳಿಸಲು ಬರುತ್ತದೆ. ರಾಷ್ಟ್ರೀಯ ವಿಕೋಪ ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಎಂಬ ವ್ಯವಸ್ಥೆಯೂ ಸ್ಥಳಕ್ಕೆ ತಕ್ಕ ಎಚ್ಚರಿಕೆಗಳನ್ನು ತೋರಿಸುತ್ತದೆ. ಸಿಡಿಲಿನ ಮುನ್ಸೂಚನೆಗಾಗಿ ‘ದಾಮಿನಿ’ ಎಂಬುದುಂಟು. ಇವು ನಿಜವಾಗಿಯೂ ಉಪಯುಕ್ತವಾದ ಸಾಧನಗಳು. ಇವನ್ನು ಹಳಿಯುವುದು ಸಲ್ಲದು.

ಆದರೆ ಸಾಧನವು ಸಾಧಕನ ಸ್ಥಾನವನ್ನು ತುಂಬಲಾರದು. ಹೊಲಕ್ಕೆ ಹೋಗುವ ಹೆಣ್ಣುಮಗಳು ದೂರವಾಣಿಯನ್ನು ಮನೆಯಲ್ಲಿ ಮಗನ ಕೈಯಲ್ಲಿ ಬಿಟ್ಟು ಹೋಗಿರುತ್ತಾಳೆ. ಮುದುಕಿಯ ಹಳೆಯ ಯಂತ್ರ ಕೂಗುವುದಿಲ್ಲ. ಗುಡ್ಡದ ಮರೆಯಲ್ಲಿ ಗೋಪುರದ ಸಂಕೇತ ಸಿಕ್ಕದು. ಸಿಕ್ಕಿದರೂ ಅದರಲ್ಲಿ ಬರೆದದ್ದು ‘ಬಿಸಿಲಿನಲ್ಲಿ ಹೊರಗೆ ಹೋಗಬೇಡಿ’ ಎಂದಿದ್ದರೆ, ಅಂದಿನ ಕೂಲಿಯಿಂದ ಅಂದಿನ ಒಲೆ ಹೊತ್ತಿಸುವವಳು ಅದನ್ನು ಓದಿ ಏನು ಮಾಡಿಯಾಳು? ನಲ್ಲಿಗೆ ನೀರು ಬರುವ ದಿನವೇ ಆ ಎಚ್ಚರಿಕೆ ಬಂದರೆ ಕೊಡ ಹಿಡಿದು ಸಾಲಿನಲ್ಲಿ ನಿಂತವಳು ಸಾಲು ಬಿಟ್ಟಾಳೆಯೆ? ಪಾಲಿಸಲಾಗದ ಎಚ್ಚರಿಕೆ ಎಚ್ಚರಿಕೆಯಲ್ಲ. ಅದು ಹೇಳಿದವನ ಹೊಣೆಯನ್ನು ಕೇಳಿದವನ ತಲೆಗೆ ಹೊರಿಸುವ ಉಪಾಯ ಮಾತ್ರ.

ನೆರೆಯ ಎಚ್ಚರಿಕೆಯೊಡನೆ ಇದನ್ನು ಹೋಲಿಸಿ ನೋಡಬಹುದು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿದಾಗ ಇದೇ ಜಿಲ್ಲೆಯ ನರಗುಂದ, ರೋಣ ತಾಲೂಕುಗಳ ಹೊಳೆದಂಡೆಯ ಊರುಗಳು ನೀರು ಹೊಕ್ಕು ತತ್ತರಿಸಿದವು. ನೆರೆ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಹೊಳೆ ಏರಿತೆಂದರೆ ಊರೇ ಎದ್ದು ನಿಲ್ಲುತ್ತದೆ, ಕಾಳಜಿ ಕೇಂದ್ರ ತೆರೆಯುತ್ತದೆ, ಶಾಲೆಯ ಕೋಣೆಗಳಲ್ಲಿ ಒಲೆ ಹೊತ್ತುತ್ತದೆ. ಬಿಸಿಲಿಗೆ ಆ ಸದ್ದಿಲ್ಲ. ಅದು ಮನೆಯೊಂದರಲ್ಲಿ ಒಬ್ಬನನ್ನು, ಹೊಲವೊಂದರಲ್ಲಿ ಒಬ್ಬಳನ್ನು ಸದ್ದಿಲ್ಲದೆ ಕರೆದೊಯ್ಯುತ್ತದೆ. ಆದುದರಿಂದ ಬಿಸಿಲಿನ ಎಚ್ಚರಿಕೆಗೆ ನೆರೆಯ ಎಚ್ಚರಿಕೆಗಿಂತ ಹೆಚ್ಚಿನ ದನಿ ಬೇಕು. ಆ ದನಿ ಪರಿಚಿತರ ದನಿಯಾಗಿರಬೇಕು. ಹಿಂದೆ ವಾಲೀಕಾರನು ಹಲಗೆ ಬಾರಿಸಿ ಓಣಿ ಓಣಿಗೆ ಡಂಗುರ ಸಾರುತ್ತಿದ್ದ. ಸಾರುವವನ ಮುಖ ಜನಕ್ಕೆ ಗೊತ್ತಿತ್ತು; ಏನೆಂದು ಮರಳಿ ಕೇಳಲು ಬರುತ್ತಿತ್ತು. 1950ರಲ್ಲಿ ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ಚಾವಡಿಯ ಕಟ್ಟೆಯಲ್ಲಿ ಕುಳಿತು ಹವಾಮಾನದ ವಾರ್ತೆ ಕೇಳಿದವರು ಅದನ್ನು ತಮ್ಮ ತಮ್ಮಲ್ಲಿ ಚರ್ಚಿಸುತ್ತಿದ್ದರು. ಕೇಳಿದ ಸುದ್ದಿ ಹೀಗೆ ಊರಿನ ನಿರ್ಧಾರವಾಗುತ್ತಿತ್ತು. ಇಂದಿನ ಸಂದೇಶ ಒಬ್ಬೊಬ್ಬನ ಅಂಗೈಗೆ ಬರುತ್ತದೆ, ಅಲ್ಲಿಯೇ ಅಳಿದುಹೋಗುತ್ತದೆ.

ಎಚ್ಚರಿಕೆಯು ಪ್ರಾಣ ಉಳಿಸಬಲ್ಲದೆಂಬುದಕ್ಕೆ ನಿದರ್ಶನ ದೂರವಿಲ್ಲ. ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ, ಇತರ ವರ್ಷಗಳ ಅದೇ ತಿಂಗಳಿಗೆ ಹೋಲಿಸಿದರೆ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದ್ದವು. ಅದರಿಂದ ಎಚ್ಚೆತ್ತ ಆ ನಗರವು 2013ರಲ್ಲಿ ಬಿಸಿಲಿನ ವಿರುದ್ಧ ಕಾರ್ಯಯೋಜನೆಯೊಂದನ್ನು ರೂಪಿಸಿತು. ದಕ್ಷಿಣ ಏಷ್ಯದಲ್ಲಿಯೇ ಅದು ಮೊದಲನೆಯದು. ಮುನ್ಸೂಚನೆ ಬಂದ ಕೂಡಲೇ ಯಾವ ಅಧಿಕಾರಿ ಯಾರಿಗೆ ಹೇಳಬೇಕು, ಯಾವ ಆಸ್ಪತ್ರೆ ಏನನ್ನು ಸಿದ್ಧವಿಡಬೇಕು, ಕುಡಿಯುವ ನೀರಿನ ಕೇಂದ್ರಗಳು ಎಲ್ಲಿರಬೇಕು ಎಂಬುದನ್ನು ಮೊದಲೇ ಬರೆದಿಡಲಾಯಿತು. ಬಡವರ ಮನೆಗಳ ಮಾಡುಗಳಿಗೆ ಬಿಳಿಯ ಬಣ್ಣ ಬಳಿಯುವ ಕಾರ್ಯವೂ ಮುಂದೆ ಸೇರಿತು. ತರುವಾಯದ ಅಧ್ಯಯನಗಳು ಸಾವುಗಳು ಇಳಿದುದನ್ನು ತೋರಿಸಿವೆ. ಆ ಯೋಜನೆಯ ತಿರುಳು ಯಂತ್ರದಲ್ಲಿಲ್ಲ. ಎಚ್ಚರಿಕೆ ಬಂದಾಗ ಯಾರು ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರುವುದರಲ್ಲಿದೆ.

ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ನಡೆದ ಬಹಿರಂಗ ಸಮಾರಂಭವೊಂದರಲ್ಲಿ ಲಕ್ಷಾಂತರ ಭಕ್ತಜನ ನೆರಳಿಲ್ಲದ ಮೈದಾನದಲ್ಲಿ ಮಧ್ಯಾಹ್ನದವರೆಗೆ ಕುಳಿತಿದ್ದರು. ಹದಿನಾಲ್ಕು ಜನ ಬಿಸಿಲಿಗೆ ಬಲಿಯಾದರು. ಅಂದು ಉಷ್ಣತೆ 40ರ ಗಡಿಯನ್ನು ಮುಟ್ಟಿರಲಿಲ್ಲ. ಈ ಸಂಗತಿ ಮಠಗಳ ನಾಡಿಗೆ ವಿಶೇಷವಾಗಿ ಚಿಂತನೀಯ. ಗದುಗಿನ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ, ಊರೂರುಗಳ ಬಸವ ಜಯಂತಿ, ಸಾಮೂಹಿಕ ವಿವಾಹಗಳು, ಇವೆಲ್ಲವೂ ಬೇಸಿಗೆಯಲ್ಲಿಯೇ ಬರುತ್ತವೆ. ಭಕ್ತನು ದಣಿದೆನೆಂದು ಎದ್ದುಹೋಗುವವನಲ್ಲ. ಭಕ್ತಿಯೇ ಅವನನ್ನು ಬಿಸಿಲಿನಲ್ಲಿ ಕೂಡಿಸುತ್ತದೆ. ಆದುದರಿಂದ ಅವನ ಪರವಾಗಿ ಯೋಚಿಸಬೇಕಾದವರು ವ್ಯವಸ್ಥಾಪಕರು. ಸಭೆಗಳನ್ನು ಸಂಜೆಗೆ ಇಡುವುದು, ಚಪ್ಪರದಡಿಯಲ್ಲಿ ಗಾಳಿಯಾಡುವಂತೆ ನೋಡುವುದು, ಭಾಷಣಗಳನ್ನು ಮೊಟಕುಗೊಳಿಸುವುದು, ವೇದಿಕೆಗಿಂತ ಮೊದಲು ನೀರಿನ ಏರ್ಪಾಡು ಮಾಡುವುದು, ಇವು ಸೇವೆಯೇ ಹೊರತು ಸಂಪ್ರದಾಯಕ್ಕೆ ಅಪಚಾರವಲ್ಲ.

ಇಷ್ಟಾಗಿ ದುಡಿಯುವವನ ಪ್ರಶ್ನೆ ಉಳಿಯುತ್ತದೆ: ಬಿಸಿಲೆಂದು ಕುಳಿತರೆ ಹೊಟ್ಟೆಗೇನು? ಈ ಪ್ರಶ್ನೆಯನ್ನು ಬದಿಗಿರಿಸಿ ಎಚ್ಚರಿಕೆಯ ಮಾತನಾಡುವುದು ಉಳ್ಳವರ ಉಪದೇಶವಾದೀತು. ಉತ್ತರವು ದುಡಿಮೆಯನ್ನು ನಿಲ್ಲಿಸುವುದರಲ್ಲಿಲ್ಲ, ಹೊತ್ತನ್ನು ಬದಲಿಸುವುದರಲ್ಲಿದೆ. 2025ರ ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ಬದಲಿಸಲಾಗಿತ್ತು. ಮುಂಡರಗಿ ತಾಲೂಕಿನ ಗಡಿಯಾಚೆಗಿನ ಕೊಪ್ಪಳ ಜಿಲ್ಲೆ ಆ ಪಟ್ಟಿಯೊಳಗಿತ್ತು. ಗಡಿಯ ಆಚೆಗೂ ಈಚೆಗೂ ಸೂರ್ಯ ಒಬ್ಬನೇ. ಇದಕ್ಕೂ ಮಿಗಿಲಾಗಿ, ಛಾವಣಿಯ ಕೆಳಗೆ ಕುಳಿತು ಬರೆಯುವವರಿಗೆ ದೊರೆತ ಈ ವಿನಾಯಿತಿಯು ತೆರೆದ ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಮೊದಲು ಸಲ್ಲಬೇಕಾದುದು. ಉದ್ಯೋಗ ಖಾತ್ರಿಯ ಕಾಮಗಾರಿಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕೆಲಸದ ಪ್ರಮಾಣಕ್ಕೆ ರಿಯಾಯಿತಿ ಕೊಟ್ಟ ಪದ್ಧತಿ ಉತ್ತರ ಕರ್ನಾಟಕದಲ್ಲಿ ಉಂಟು. ಖಾಸಗಿ ಹೊಲ, ಭಟ್ಟಿ, ಕಟ್ಟಡಗಳ ಮಾಲಕರು ಅದೇ ನ್ಯಾಯವನ್ನು ತಾವಾಗಿಯೇ ಪಾಲಿಸಬಹುದು: ಬೆಳಗಿನ 6ಕ್ಕೆ ಕೆಲಸ ಹಿಡಿದು 11ಕ್ಕೆ ಬಿಡುವುದು, ಉಳಿದುದನ್ನು ಸಂಜೆ 4ರ ಮೇಲೆ ಮುಗಿಸುವುದು, ಕೂಲಿಯಲ್ಲಿ ಮುರಿತವಿಲ್ಲದಿರುವುದು. ಇಂಥ ಮಾಲಕರಲ್ಲಿ ಎಷ್ಟೋ ಜನ ಮಠದ ಶಾಲೆಗಳಲ್ಲಿಯೇ ಅಕ್ಷರ ಕಲಿತವರು. ಕಾಯಕದ ಮಹತ್ವವನ್ನು ಅಲ್ಲಿ ಕಂಠಪಾಠ ಮಾಡಿದವರು ಕಾಯಕ ಮಾಡುವವನ ಮೈಯನ್ನು ಮರೆಯಬಾರದು.

ಇಲ್ಲಿಯೇ ಮಠಗಳ ವಿದ್ಯಾಸಂಸ್ಥೆಗಳ ಮಾತು ಬರುತ್ತದೆ. ಈ ಸೀಮೆಯಲ್ಲಿ ಸರಕಾರದ ಕೈ ಮುಟ್ಟದ ಕಾಲದಲ್ಲಿ ಅನ್ನವನ್ನೂ ಅಕ್ಷರವನ್ನೂ ಮನೆಮನೆಗೆ ಮುಟ್ಟಿಸಿದ ಕೀರ್ತಿ ಮಠಗಳದು. ಇಂದು ಎಚ್ಚರಿಕೆಯೂ ಅನ್ನದಷ್ಟೇ, ಅಕ್ಷರದಷ್ಟೇ ಅವಶ್ಯವಾಗಿದೆ. ಶಾಲೆಗೆ ವಿಶಾಲವಾದ ಕಟ್ಟಡವುಂಟು, ಬಾವಿಯೋ ಕೊಳವೆಬಾವಿಯೋ ಉಂಟು, ದೂರಕ್ಕೆ ಕೇಳುವ ಗಂಟೆಯುಂಟು. ಎಲ್ಲಕ್ಕಿಂತ ಹೆಚ್ಚಾಗಿ ಜನರ ನಂಬಿಕೆಯುಂಟು. ಗುರುಗಳು ಹೇಳಿದರೆಂದರೆ ಊರು ಕೇಳುತ್ತದೆ. ಈ ನಂಬಿಕೆ ಯಾವ ಗೋಪುರದಿಂದಲೂ ಪ್ರಸಾರವಾಗಲಾರದ ಬಂಡವಾಳ.

ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಕಿತ್ತಳೆ ಅಥವಾ ಕೆಂಪು ಬಣ್ಣದ ಎಚ್ಚರಿಕೆ ಜಿಲ್ಲೆಗೆ ಬಂದ ದಿನ ಬೆಳಿಗ್ಗೆ ಶಾಲೆಯ ಗಂಟೆಯನ್ನು ಗೊತ್ತಾದ ರೀತಿಯಲ್ಲಿ ಬಾರಿಸುವುದು, ಅಗಸಿಯ ಕರಿಹಲಗೆಯ ಮೇಲೆ ನಾಲ್ಕು ಸಾಲು ಬರೆಯುವುದು. ಆ ಬಾರಿಸುವಿಕೆಗೆ ಬೇರೆ ಅರ್ಥವಿರಬಾರದು, ಬೇರೆ ದಿನ ಅದು ಕೇಳಿಸಬಾರದು. ಕಾರಣವಿಲ್ಲದೆ ತೋಳ ಬಂತೆಂದು ಕೂಗಿದವನ ಕಥೆ ಮಕ್ಕಳಿಗೂ ಗೊತ್ತು. ಎರಡನೆಯದಾಗಿ, ಓಣಿ ಓಣಿಯ ಒಂಟಿ ವೃದ್ಧರ, ರೋಗಿಗಳ, ಬಸುರಿಯರ ಯಾದಿಯನ್ನು ಆಶಾ ಕಾರ್ಯಕರ್ತೆಯರ ಜೊತೆಗೂಡಿ ಸಿದ್ಧಪಡಿಸುವುದು, ಒಬ್ಬೊಬ್ಬರಿಗೂ ಒಬ್ಬ ನೆರೆಯವನನ್ನು ನಿಶ್ಚಯಿಸುವುದು. ಎಚ್ಚರಿಕೆಯ ದಿನ ಆ ನೆರೆಯವನು ಹಗಲೊಮ್ಮೆ ಸಂಜೆಯೊಮ್ಮೆ ಬಾಗಿಲು ತಟ್ಟಿ ‘ಅಜ್ಜಾ, ನೀರು ಕುಡಿದ್ರೇನು?’ ಎಂದು ಕೇಳಿದರೆ ಸಾಕು. ಮೂರನೆಯದಾಗಿ, ನಡುಹಗಲಿನಲ್ಲಿ ಶಾಲೆಯ ತಂಪಾದ ಸಭಾಗೃಹವನ್ನು ದಾರಿಹೋಕರಿಗೂ ತಗಡಿನ ಮನೆಯವರಿಗೂ ತೆರೆದಿಡುವುದು. ನೀರು, ಮಜ್ಜಿಗೆಗಳನ್ನು ಇರಿಸುವುದು. ಹಳೆಯ ಶಾಸನಗಳಲ್ಲಿ ಅರವಂಟಿಗೆಗೆ ಭೂಮಿ ಬಿಟ್ಟ ದಾನಿಗಳ ಉಲ್ಲೇಖಗಳುಂಟು. ಆ ಧರ್ಮವೇ ಇಂದು ಈ ರೂಪದಲ್ಲಿ ಮುಂದುವರಿಯಬೇಕಾಗಿದೆ.

ಇದರಲ್ಲಿ ಒಂದು ತೊಡಕು ಇದೆ, ಅದನ್ನು ಮರೆಮಾಚಬಾರದು. ಬೇಸಿಗೆ ಉಗ್ರವಾಗುವ ದಿನಗಳಲ್ಲಿಯೇ ಶಾಲೆಗೆ ರಜೆ. ವರ್ಷವೆಲ್ಲ ದುಡಿದ ಶಿಕ್ಷಕರು ಆಗ ತಮ್ಮ ಊರಿಗೆ ಹೋಗಿರುತ್ತಾರೆ, ಹೋಗಬೇಕಾದುದೂ ನ್ಯಾಯ. ಮೌಲ್ಯಮಾಪನ, ಗಣತಿ, ಚುನಾವಣೆಗಳೆಂದು ಈಗಾಗಲೇ ಅವರ ರಜೆ ಹರಿದುಹೋಗಿದೆ. 2024ರ ಮೇ 7ರ ಮತದಾನದ ದಿನ ಈ ಭಾಗದ ಶಿಕ್ಷಕರು ಆ ಬಿಸಿಲಿನಲ್ಲಿಯೇ ಮತಗಟ್ಟೆಗಳನ್ನು ನಿರ್ವಹಿಸಿದರು. ಇನ್ನೊಂದು ಭಾರವನ್ನು ಅವರ ಮೇಲೆ ಹೊರಿಸುವುದು ಸರಿಯಲ್ಲ. ಶಿಕ್ಷಕರ ಪಾಲು ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಮುಗಿಯಬೇಕು: ಯಾದಿಯ ಸಿದ್ಧತೆ, ಮಕ್ಕಳಿಗೆ ಪ್ರಥಮೋಪಚಾರದ ಪಾಠ, ಉಷ್ಣಮಾಪಕದ ಅಂಕೆ ಬರೆದಿಡುವ ಅಭ್ಯಾಸ. ಏಪ್ರಿಲ್, ಮೇ ತಿಂಗಳುಗಳ ಪಾಲು ಊರಿನಲ್ಲಿಯೇ ಇರುವ ಹಳೆಯ ವಿದ್ಯಾರ್ಥಿಗಳದು. ಗಂಟೆ ಬಾರಿಸಿ ಬಾಗಿಲು ತೆರೆಯುವ ಸಿಪಾಯಿಗೆ ಆ ಎರಡು ತಿಂಗಳ ಗೌರವಧನ ದಾನಿಗಳದು. ಹೀಗೆ ಮೂರು ಹೆಗಲುಗಳು ಹಂಚಿಕೊಂಡರೆ ಯಾರಿಗೂ ಭಾರವಾಗದು.

ದಾನದ ವಿಷಯದಲ್ಲಿಯೂ ಒಂದು ಮಾತು ಅಪ್ರಸ್ತುತವಾಗಲಾರದು. ಮಹಾದ್ವಾರ, ಕಮಾನು, ನಾಮಫಲಕಗಳಿಗ�� ಉದಾರವಾಗಿ ಕೊಡುವವರು ಇದ್ದಾರೆ. ಅದು ಅವರ ಅಭಿಮಾನದ ಕುರುಹು. ಆದರೆ ತಗಡಿನ ಕೋಣೆಗೆ ಸುಣ್ಣ ಬಳಿಸಿದರೆ, ಒಳಮಾಡು ಹಾಕಿಸಿದರೆ, ಮೈದಾನದ ಸುತ್ತ ಬೇವು, ಹೊಂಗೆ, ಆಲಗಳನ್ನು ನೆಟ್ಟು ಮೂರು ಬೇಸಿಗೆ ನೀರುಣಿಸಿ ಬೆಳೆಸಿದರೆ, ಆ ನೆರಳಿನಲ್ಲಿ ಕುಳಿತ ನೂರಾರು ಮಕ್ಕಳು ಕೊಟ್ಟವರನ್ನು ಫಲಕವಿಲ್ಲದೆಯೇ ನೆನೆಯುವರು. ಗಿಡ ನೆಡುವ ದಿನ ಭಾವಚಿತ್ರ ತೆಗೆಸುವುದು ಸುಲಭ. ಮೂರನೆಯ ಬೇಸಿಗೆಯಲ್ಲಿ ಅದಕ್ಕೆ ಕೊಡ ನೀರು ಹಾಕುವುದು ನಿಜವಾದ ದಾನ. ಕಪ್ಪತಗುಡ್ಡದ ಹಸಿರಿಗಾಗಿ ಇದೇ ಜಿಲ್ಲೆಯ ಜನ, ಮಠಾಧೀಶರು ಕೂಡಿ ಹೋರಾಡಿದ್ದರು, 2019ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾಯಿತು. ಗುಡ್ಡವನ್ನು ಉಳಿಸಬಲ್ಲ ಜನಕ್ಕೆ ಶಾಲೆಯ ಅಂಗಳದ ಹತ್ತು ಮರಗಳು ಹೆಚ್ಚಿನವಲ್ಲ.

ಎಲ್ಲವನ್ನೂ ಸರಕಾರವೇ ಮಾಡಲಿ ಎಂಬುದೊಂದು ಮನೋಭಾವ. ಸರಕಾರದಿಂದ ಏನೂ ಬೇಡವೆಂಬುದು ಇನ್ನೊಂದು. ಎರಡೂ ಅತಿರೇಕಗಳೇ. ಮುನ್ಸೂಚನೆ ಕೊಡುವುದು, ಆಸ್ಪತ್ರೆಗಳಲ್ಲಿ ಹಾಸಿಗೆ, ಔಷಧಿ ಸಿದ್ಧವಿಡುವುದು, ನೀರು ಪೂರೈಸುವುದು, ಸಾವಿನ ಲೆಕ್ಕವಿಡುವುದು — ಇವು ಸರಕಾರದ ಹೊಣೆ. ಅವನ್ನು ಕೇಳಿ ಪಡೆಯುವುದು ಪ್ರಜೆಗಳ ಹಕ್ಕು. ಆದರೆ ಬಾಗಿಲು ತಟ್ಟುವ ಕೈ ನೆರೆಯವನದೇ ಆಗಿರಬೇಕು. ಗದುಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ರೈತರು ಕೂಡಿ ಕಟ್ಟಿದ ಸಹಕಾರ ಸಂಘವು ದೇಶದ ಸಹಕಾರ ಚಳವಳಿಗೆ ಮೊದಲ ಮಾದರಿಯೆಂದು ಹೆಸರಾಯಿತು. ಕಾಯ್ದೆ ಸರಕಾರದ್ದಾಗಿತ್ತು; ಅದಕ್ಕೆ ಜೀವ ತುಂಬಿದವರು ಊರಿನವರು. ಬಿಸಿಲಿನ ಎಚ್ಚರಿಕೆಗೂ ಅದೇ ಮಾರ್ಗ ಒದಗೀತು. ಆಕಾಶದಿಂದ ಬರುವ ಸಂದೇಶ ಆಕಾಶದಲ್ಲಿಯೇ ಉಳಿಯದೆ ಓಣಿಗಿಳಿಯಬೇಕಾದರೆ ಅದನ್ನು ಹೊತ್ತು ನಡೆಯುವ ಕಾಲುಗಳು ಬೇಕು.

ಮುಂದಿನ ಬೇಸಿಗೆ ಬರಲು ಬಹಳ ದಿನಗಳಿಲ್ಲ. ಆಗ ಲಕ್ಷ್ಮೇಶ್ವರದ ಓಣಿಯೊಂದರಲ್ಲಿ, ಶಿರಹಟ್ಟಿಯ ಹೊಲವೊಂದರಲ್ಲಿ, ಮುಂಡರಗಿಯ ಹಾದಿಯೊಂದರಲ್ಲಿ, ಬೆಟಗೇರಿಯ ಮಗ್ಗವೊಂದರ ಮುಂದೆ ಬಳಲಿ ಕುಳಿತ ಜೀವಕ್ಕೆ ಸಕಾಲದಲ್ಲಿ ಒಂದು ಮಾತು, ಒಂದು ತಂಬಿಗೆ ನೀರು, ಒಂದಿಷ್ಟು ನೆರಳು ದೊರೆತರೆ ಅದೇ ಸಾಕು. ಅಂಥ ಒಂದು ಜೀವ ಉಳಿದರೂ ಶಾಲೆಯ ಗಂಟೆಯು ತರಗತಿಯ ಹೊತ್ತನ್ನು ತಿಳಿಸಿದ್ದಕ್ಕಿಂತ ಹೆಚ್ಚಿನ ಸಾರ್ಥಕತೆಯನ್ನು ಪಡೆದೀತು.